ಆರನೇ ಚಕ್ರ

ಹಲಸಿನ ಹಣ್ಣಿನ ವಾಸನೆ ಹೊರಗಿನಿಂದಲ್ಲ, ಮನೆಯೊಳಗಿಂದಲೇ ಬರುತ್ತಿದೆ ಎಂದು ನೇತ್ರಾವತಿಗೆ ಖಾತ್ರಿಯಾದಾಗ ಅಂಗಳದಲ್ಲಿ ಇನ್ನೂ ಸ್ವಲ್ಪ ಬಿಸಿಲಿತ್ತು. ಒಣಗಿದ ಬಟ್ಟೆಗಳನ್ನು ಎತ್ತಿಕೊಂಡು ಒಳಗೆ ಬಂದವಳು ನಡುಮನೆಯಲ್ಲೇ ನಿಂತಳು. ಬೆಳಗ್ಗೆಯೂ ಒಮ್ಮೆ ಮೂಗಿಗೆ ಬಡಿದಿತ್ತು. ಆಗ, ಎಸ್ಟೇಟಿನ ಕಡೆಯಿಂದ ಗಾಳಿಯಲ್ಲಿ ಬಂದಿರಬೇಕು ಅಂದುಕೊಂಡಿದ್ದಳು. ಈಗ ಗಾಳಿಯೇ ಇರಲಿಲ್ಲ. ವಾಸನೆ ಮಾತ್ರ ಬೆಳಗ್ಗೆಗಿಂತ ದಪ್ಪವಾಗಿತ್ತು.

ಅವರ ಊರಿನಲ್ಲಿ ಮೇ ತಿಂಗಳಲ್ಲಿ ಹಣ್ಣಾದ ಹಲಸನ್ನು ಮನೆಯಲ್ಲಿ ಯಾರೂ ಇಡುವುದಿಲ್ಲ. ಮೂರು ವರ್ಷದ ಹಿಂದೆ ಕೆ. ಹೊಸಕೋಟೆ ರಸ್ತೆಯ ಮನೆಯೊಂದರಲ್ಲಿ ಅಟ್ಟದ ಮೇಲಿಟ್ಟಿದ್ದ ಹಣ್ಣಿಗೆ ಸಲಗವೊಂದು ಗೋಡೆ ಕೆಡವಿತ್ತು. ಕೆಳಗೆ ಮಲಗಿದ್ದ ಹೆಂಗಸಿನ ಸೊಂಟದ ಮೇಲೆ ತೊಲೆ ಬಿದ್ದು, ಅವಳು ಈಗಲೂ ಗೋಡೆ ಹಿಡಿದುಕೊಂಡೇ ನಡೆಯುತ್ತಾಳೆ. ಆ ವರ್ಷವೇ ಊರಿನವರೆಲ್ಲ ಸೇರಿ ತೀರ್ಮಾನ ಮಾಡಿದರು. ಕಾಯಿ ಬಲಿಯುವ ಹೊತ್ತಿಗೆ ಪ್ರತಿ ಮನೆಯವರೂ ತಮ್ಮ ಮರಗಳನ್ನು ಬೋಳಿಸಬೇಕು, ಕಡಿದ ಕಾಯಿಯನ್ನೆಲ್ಲ ಗುಂಡಿಗೆ ಹಾಕಿ ಸುಣ್ಣ ಸುರಿದು ಮಣ್ಣು ಮುಚ್ಚಬೇಕು. ಮರ ಹತ್ತುವವನು ಒಬ್ಬನೇ, ದಾಸಯ್ಯ. ವಯಸ್ಸಾದರೂ ಅವನ ಕಾಲು ಇನ್ನೂ ಕೊಂಬೆಯನ್ನು ನಂಬುತ್ತಿತ್ತು. ನೇತ್ರಾವತಿಯ ತೋಟದ ಮರಗಳನ್ನೂ ಅವನೇ ಹೋದ ವಾರ ಖಾಲಿ ಮಾಡಿಕೊಟ್ಟು, ಒಂದು ಲೋಟ ಕಾಫಿ ಕುಡಿದು ಹೋಗಿದ್ದ.

ಅಂದಮೇಲೆ ಈ ವಾಸನೆ ಎಲ್ಲಿಂದ? ಯೋಚಿಸಬೇಕಾದ ಅಗತ್ಯವೇ ಇರಲಿಲ್ಲ. ಮನೆಯಲ್ಲಿ ಹಲಸು ಬೇಕಾಗಿದ್ದವನು ಒಬ್ಬನೇ ಇದ್ದ, ಏಳು ವರ್ಷದ ಮಗ ಸಂಜಯ್.

ಸಂಜಯ್‌ಗೆ ಬಸ್ಸಿನ ಹುಚ್ಚು. ಹತ್ತುವುದಕ್ಕಲ್ಲ, ಮಾಡುವುದಕ್ಕೆ. ರಟ್ಟಿನ ಡಬ್ಬ ಕತ್ತರಿಸಿ ಕಿಟಕಿ ಕೊರೆದು, ಬಾಟಲಿಯ ಮುಚ್ಚಳದ ಚಕ್ರ ಕೂರಿಸಿ, ಮುಂದೆ ‘ಕೆ. ಹೊಸಕೋಟೆ – ಆಲೂರು’ ಎಂದು ಬೋರ್ಡು ಬರೆದು ಅಂಟಿಸುತ್ತಿದ್ದ. ರಜೆ ಶುರುವಾದ ಮೇಲೆ ಬೇರೆ ಕೆಲಸವೇ ಇರಲಿಲ್ಲ. ಗೋಂದು ಮುಗಿದರೆ ಅಳು. ಅಂಗಡಿಯಿಂದ ತಂದುಕೊಟ್ಟರೆ ನಾಲ್ಕು ದಿನಕ್ಕೆ ಅದೂ ಮುಗಿಯುತ್ತಿತ್ತು. ಉಳಿದದ್ದು ಹಾಸಿಗೆ, ತಲೆಕೂದಲು, ಅಕ್ಕನ ಪುಸ್ತಕಕ್ಕೆ. ಒಂದು ದಿನ ತಾಳ್ಮೆ ತಪ್ಪಿ ನೇತ್ರಾವತಿ ಅವನ ಬಸ್ಸನ್ನು ಬಚ್ಚಲೊಲೆಗೆ ತುರುಕಿದ್ದಳು. ಬಸ್ಸು ಉರಿಯುವಾಗ ಅವನು ಅಳಲಿಲ್ಲ. ಒಲೆಯ ಮುಂದೆ ಕೂತು ಪೂರ್ತಿ ನೋಡಿದ. ಆಮೇಲೆ ಅಮ್ಮನನ್ನು ಗೋಂದು ಕೇಳುವುದನ್ನೇ ನಿಲ್ಲಿಸಿದ.

ಹಲಸಿನ ಮೇಣವನ್ನು ಕಡ್ಡಿಗೆ ಸುತ್ತಿ ಕೆಂಡದ ಮೇಲೆ ಹಿಡಿದರೆ ಮೆತ್ತಗಾಗುತ್ತದೆ, ಆಮೇಲೆ ಕಚ್ಚಿದ್ದನ್ನು ಬಿಡುವುದಿಲ್ಲ ಎಂದು ಅವನಿಗೆ ಹೇಳಿಕೊಟ್ಟವಳು ಅವನ ಅಜ್ಜಿ, ನೇತ್ರಾವತಿಯ ಅತ್ತೆ ಸುಲೋಚನಮ್ಮ. ಕಾಯಿ ಕಡಿಸಿದ ದಿನ ಅವನು ತೊಟ್ಟುಗಳ ಹಿಂದೆ ಕಡ್ಡಿ ಹಿಡಿದು ಓಡಾಡಿದ್ದನ್ನು ನೇತ್ರಾವತಿಯೂ ನೋಡಿದ್ದಳು. ಗೋಂದಿನ ಕಾಟ ತಪ್ಪಿತು ಅಂತ ಸುಮ್ಮನಿದ್ದಳು. ಒಂದು ಕಾಯಿಯನ್ನೇ ಎತ್ತಿಟ್ಟುಕೊಂಡಿರಬಹುದು ಎಂದು ಮಾತ್ರ ಹೊಳೆದಿರಲಿಲ್ಲ.

ಬಟ್ಟೆಯನ್ನು ಮಂಚದ ಮೇಲೆ ಹಾಕಿ ಹುಡುಕಲು ಶುರುಮಾಡಿದಳು. ಅಟ್ಟ, ಸೌದೆ ಮನೆ, ಗೊಬ್ಬರದ ಚೀಲಗಳ ಹಿಂದೆ, ಕೋಳಿಗೂಡು. ಎಲ್ಲೂ ಇರಲಿಲ್ಲ. ಹತ್ತು ವರ್ಷದ ಮಗಳು ಸ್ನೇಹಾ ಜಗಲಿಯಲ್ಲಿ ಫೋನನ್ನು ಕಂಬಕ್ಕೆ ಒರಗಿಸಿಟ್ಟು ಅದರಲ್ಲಿ ಬರುವ ಡ್ಯಾನ್ಸನ್ನು ನೋಡಿಕೊಂಡು ಕುಣಿಯುತ್ತಿದ್ದಳು. ವಿಡಿಯೋವನ್ನು ಹಿಂದಕ್ಕೆ ಹಾಕಿ ಹಾಕಿ ಒಂದೇ ಹೆಜ್ಜೆಯನ್ನು ನೋಡುವುದು ಅವಳ ರೂಢಿ. ಸಂಜೆ ಒಂದು ಗಂಟೆ ಫೋನು ಎಂಬ ಒಪ್ಪಂದವಿತ್ತು. ಅದು ಯಾವತ್ತೂ ಒಂದು ಗಂಟೆಗೆ ಮುಗಿದದ್ದಿಲ್ಲ. ನೇತ್ರಾವತಿ ಹೋಗಿ ಫೋನು ಕಿತ್ತುಕೊಂಡಳು.

ಅರಣ್ಯ ಇಲಾಖೆಯವರು ಊರಿನವರಿಗೆಂದು ಮಾಡಿದ್ದ ಗುಂಪಿನಲ್ಲಿ ಸಂದೇಶ ಬಂದು ಬಹಳ ಹೊತ್ತಾಗಿತ್ತು. ಮೇಲಿನ ಎಸ್ಟೇಟಿನಲ್ಲಿ ಮರಿಗಳೂ ಸೇರಿ ಏಳು ಆನೆ, ಊರಿನ ಕಡೆಗೆ ಮುಖ ಮಾಡಿವೆ, ಯಾರೂ ಹೊರಗೆ ಬರಬಾರದು. ಕೆಳಗೆ ವಾಚರ್ ಅರುಣ್‌ನ ಧ್ವನಿಯೂ ಇತ್ತು. ಓಡಿಕೊಂಡು ಮಾತಾಡಿದವನ ಹಾಗೆ ಏದುಸಿರು ಬಿಡುತ್ತಿದ್ದ. ಮೇಲಿನ ಎಸ್ಟೇಟು ಎಂದರೆ ಅವರ ಹಿತ್ತಿಲ ಬೇಲಿ ದಾಟಿದರೆ ಸಿಗುವುದು.

ಮೆಸೇಜು ಬಂದಿದ್ದು ನೋಡಲಿಲ್ಲವೇ ಎಂದು ಮಗಳನ್ನು ಕೇಳಿದಳು. ನೋಡಿದೆ ಅಂದಳು ಸ್ನೇಹಾ. ಅದು ಡ್ಯಾನ್ಸಿನ ಮೇಲೆ ಅಡ್ಡ ಬಂದು ಕಾಲಿನ ಹೆಜ್ಜೆಯೇ ಕಾಣುತ್ತಿರಲಿಲ್ಲವಂತೆ, ಬೆರಳಿನಿಂದ ಪಕ್ಕಕ್ಕೆ ಸರಿಸಿದಳಂತೆ. ದಿನಾ ಬರುತ್ತದಲ್ಲ ಎಂದೂ ಸೇರಿಸಿದಳು. ಅದು ನಿಜವಾಗಿತ್ತು. ದಿನಾ ಬರುತ್ತಿತ್ತು. ನೇತ್ರಾವತಿಯೇ ಎಷ್ಟೋ ಸಲ ಓದದೆ ಬಿಟ್ಟಿದ್ದಳು. ಹೊಡೆಯಲು ಎತ್ತಿದ ಕೈ ಹಾಗೇ ಕೆಳಗಿಳಿಯಿತು.

ಗಂಡ ಕುಮಾರ್ ಪಿಕಪ್‌ನಲ್ಲಿ ಶುಂಠಿ ತುಂಬಿಕೊಂಡು ಮಂಗಳೂರಿಗೆ ಹೋಗಿದ್ದ. ಫೋನು ಮಾಡಿದರೆ ಘಾಟಿಯಲ್ಲಿ ಸಿಗಲಿಲ್ಲ. ಸಿಕ್ಕಿದ್ದರೂ ಅವನೇನು ಮಾಡಲು ಸಾಧ್ಯವಿತ್ತು? ನೇತ್ರಾವತಿ ಮಕ್ಕಳಿಬ್ಬರನ್ನೂ ಒಳಗೆ ಕರೆದು ಹಿತ್ತಿಲ ಬಾಗಿಲಿಗೆ ಅಗಳಿ ಹಾಕಿದಳು. ಸಂಜಯ್‌ನನ್ನು ಎದುರಿಗೆ ನಿಲ್ಲಿಸಿಕೊಂಡಳು.

“ಎಲ್ಲಿಟ್ಟಿದೀಯ ಹೇಳು.”

ಅವನು ಕಾಲ ಹೆಬ್ಬೆರಳನ್ನು ನೆಲಕ್ಕೆ ಉಜ್ಜುತ್ತಾ ನಿಂತ.

“ಸಂಜು, ಆನೆ ಬಂದವೆ ಕಣೋ. ಹಿತ್ಲಲ್ಲೇ ಅವೆ. ಹೇಳು.”

“ಹೇಳಿದ್ರೆ ಸುಡ್ತೀಯ.”

“ಏನ್ನ?”

“ಬಸ್ಸನ್ನ.”

ಸುಡುವುದಿಲ್ಲ ಎಂದಳು. ದೇವರ ಮೇಲೆ ಆಣೆ ಹಾಕಿದಳು. ಅವನು ಅವಳ ಮುಖವನ್ನೇ ನೋಡಿದ, ನಂಬಲಿಲ್ಲ. ಕೆನ್ನೆಗೆ ಒಂದು ಬಿಟ್ಟಳು. ಅದಕ್ಕೂ ಅವನು ಬಾಯಿ ಬಿಡಲಿಲ್ಲ. ಮಗ ಇಷ್ಟು ಗಟ್ಟಿ ಯಾವಾಗ ಆದ ಎಂದು ಅವಳಿಗೆ ಗೊತ್ತಿರಲಿಲ್ಲ. ಬೇರೆ ದಿನವಾಗಿದ್ದರೆ ಹೆಮ್ಮೆಪಡಬಹುದಾಗಿತ್ತೇನೋ.

ಅಷ್ಟರಲ್ಲಿ ಹಿತ್ತಿಲ ಆಚೆ ಕೊಂಬೆ ಮುರಿದ ಸದ್ದಾಯಿತು. ಒಣಗಿದ ಕೊಂಬೆಯಲ್ಲ. ಹಸಿ ಮರ ಸಿಗಿದುಕೊಂಡು ಬರುವ ಉದ್ದನೆಯ ಸದ್ದು. ಕೊಟ್ಟಿಗೆಯಲ್ಲಿ ಹಸು ಒಮ್ಮೆ ಉಸಿರೆಳೆದು ಸುಮ್ಮನಾಯಿತು. ಸ್ನೇಹಾ ಅಮ್ಮನ ಸೀರೆಯ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಇಷ್ಟು ಹೊತ್ತೂ ಸುಲೋಚನಮ್ಮ ತನ್ನ ಮಂಚದ ಮೇಲೆ ಕಾಲು ಮಡಚಿ ಕೂತೇ ಇದ್ದಳು. ಸೊಸೆ ಮನೆಯೆಲ್ಲ ತಡಕಾಡುವಾಗಲೂ ಎದ್ದಿರಲಿಲ್ಲ. ಮಂಚದಿಂದ ಕೆಳಕ್ಕೆ ಇಳಿಬಿಟ್ಟಿದ್ದ ಹಳೆಯ ಕಂಬಳಿಯನ್ನು ಈಗ ಮೇಲಕ್ಕೆ ಎತ್ತಿದಳು.

“ಇಲ್ಲೈತೆ ಕಣೆ,” ಅಂದಳು. “ಹಲಸಿನ ತೊಳೆ ಬಾಯಿಗಿಟ್ಟು ಮೂರು ವರ್ಸ ಆಗೋತು. ಹಣ್ಣಾದ್ಮೇಲೆ ಎರಡು ತೊಳೆ ತಿನ್ನಾನ ಅಂತ ನಾನೂ ಸುಮ್ಕಿದ್ದೆ.”

ನೇತ್ರಾವತಿಗೆ ಬೈಯುವುದಕ್ಕೂ ಹೊತ್ತಿರಲಿಲ್ಲ. ಬಗ್ಗಿ ನೋಡಿದರೆ ಕಾಫಿ ಚೀಲವೊಂದನ್ನು ಹಾಸಿ ಅದರ ಮೇಲೆ ಹಣ್ಣನ್ನು ಮಲಗಿಸಿದ್ದರು. ಒಂದು ಮಗ್ಗುಲು ಆಗಲೇ ಬಿರಿದಿತ್ತು. ಪಕ್ಕದಲ್ಲಿ ಹೊಸ ಬಸ್ಸು, ಕತ್ತರಿ, ಮೇಣ ಸುತ್ತಿದ ಕಡ್ಡಿಗಳು, ಮೇಣ ಹಚ್ಚಿ ಒಣಗಲು ಇಟ್ಟಿದ್ದ ಒಂದು ಮುಚ್ಚಳ. ಅಜ್ಜಿ ಮೊಮ್ಮಗ ಸೇರಿ ಮಂಚದ ಕೆಳಗೆ ಒಂದು ವರ್ಕ್‌ಶಾಪನ್ನೇ ನಡೆಸುತ್ತಿದ್ದರು. ಚೀಲದ ನಾಲ್ಕು ಮೂಲೆ ಸೇರಿಸಿ ಹಣ್ಣನ್ನು ಎಳೆದುಕೊಂಡಳು. ಸಂಜಯ್ ಹಾರಿ ಬಂದು ಬಸ್ಸನ್ನು ಮಾತ್ರ ಎತ್ತಿಕೊಂಡು ಎದೆಗೆ ಅವಚಿಕೊಂಡ.

ಹಾಕುವುದಾದರೂ ಎಲ್ಲಿಗೆ? ಗೋಬರ್ ಗ್ಯಾಸಿನ ಗುಂಡಿಗೆ ಹಾಕಿದರೆ ಸಗಣಿಯ ವಾಸನೆಯಲ್ಲಿ ಇದು ಮುಚ್ಚಿಹೋಗುತ್ತಿತ್ತು. ಆದರೆ ಗುಂಡಿ ಇದ್ದದ್ದು ಹಿತ್ತಿಲಲ್ಲಿ, ಕೊಂಬೆ ಮುರಿದ ಕಡೆ. ಮನೆಯೊಳಗೆ ಇಟ್ಟುಕೊಳ್ಳುವಂತಿಲ್ಲ. ಮುಂದಿನ ಅಂಗಳದಲ್ಲಿ ಬಿಟ್ಟರೂ ಒಂದೇ. ಮುಂದೆ ಇಳಿಜಾರು, ಆಮೇಲೆ ರಸ್ತೆ, ರಸ್ತೆಗೆ ಒಂದು ಮೋರಿ, ಮೋರಿಯ ಕೆಳಗೆ ಹಳ್ಳ. ಹಳ್ಳದ ನೀರು ಇದನ್ನು ಕೊಚ್ಚಿಕೊಂಡು ಹೋಗುತ್ತದೆ ಅಂದುಕೊಂಡಳು. ಹಾಗೆ ಅಂದುಕೊಳ್ಳುವಾಗ ಅವಳ ಕಣ್ಣಿಗೆ ಕಂಡದ್ದು ಆಷಾಢದ ಹಳ್ಳ.

ಬಾಗಿಲು ಹಾಕಿಕೊಳ್ಳಿ ಎಂದು ಅತ್ತೆಗೆ ಹೇಳಿ ಚೀಲವನ್ನು ಬೆನ್ನಿಗೆ ಹಾಕಿಕೊಂಡು ಹೊರಟಳು. ಕತ್ತಲಾಗುತ್ತಿತ್ತು. ಟಾರ್ಚು ಹಾಕಲು ಧೈರ್ಯ ಬರಲಿಲ್ಲ. ಹಣ್ಣಿನ ರಸ ಚೀಲದಿಂದ ಒಸರಿ ರವಿಕೆಯನ್ನು ಒದ್ದೆ ಮಾಡುತ್ತಿತ್ತು. ಈಗ ಆ ವಾಸನೆ ತನ್ನ ಮೈಯದೇ ಆಗಿದೆ ಎಂಬುದು ಅರ್ಧ ದಾರಿಯಲ್ಲಿ ತಲೆಗೆ ಹೊಳೆಯಿತು. ಮೋರಿಯ ತನಕವೂ ಹೋಗಲಾಗಲಿಲ್ಲ. ಹಿಂದೆ ಮತ್ತೆ ಏನೋ ಮುರಿಯಿತು. ರಸ್ತೆಯ ಅಂಚಿನಲ್ಲೇ ನಿಂತು ಎರಡೂ ಕೈಯಿಂದ ಚೀಲವನ್ನು ಬೀಸಿ ಹಳ್ಳದ ಕಡೆಗೆ ಎಸೆದಳು.

ನೀರಿನ ಸದ್ದು ಬರಲಿಲ್ಲ. ನೆಲಕ್ಕೆ ಬಿದ್ದ ಸದ್ದು ಬಂತು.

ಹಳ್ಳ ಬತ್ತಿ ತಿಂಗಳಾಗಿತ್ತು. ಅದು ಅವಳಿಗೂ ಗೊತ್ತಿದ್ದ ವಿಷಯವೇ. ಚೀಲ ಆಚೆಯ ದಂಡೆಗೆ ಬಿದ್ದು ಇನ್ನೂ ಒಂದಿಷ್ಟು ಉರುಳಿದಂತೆ ಕೇಳಿಸಿತು. ಆಚೆಯ ದಂಡೆಯಲ್ಲಿ ಇದ್ದದ್ದು ಒಂದೇ ಮನೆ. ಅದರ ಅಡುಗೆ ಕೋಣೆಯಲ್ಲಿ ದೀಪ ಉರಿಯುತ್ತಿತ್ತು. ದಾಸಯ್ಯನ ಮನೆ.

ಇಳಿದು ಹೋಗಿ ಹುಡುಕಿ ಎತ್ತಬಹುದಾಗಿತ್ತು. ಅವಳು ತಿರುಗಿ ಮನೆಗೆ ಓಡಿದಳು.

ಬಚ್ಚಲಿಗೆ ಹೋಗಿ ಉಟ್ಟ ಬಟ್ಟೆಯನ್ನೆಲ್ಲ ಬಿಚ್ಚಿ ನೀರಿನಲ್ಲಿ ಮುಳುಗಿಸಿ ಮೈಗೆ ಸೋಪು ಹಚ್ಚಿ ತೊಳೆದಳು. ಮಂಚದ ಕೆಳಗೆ ಫಿನಾಯಿಲ್ ಸುರಿದಳು. ಮಕ್ಕಳನ್ನೂ ಅತ್ತೆಯನ್ನೂ ಕಿಟಕಿ ಇಲ್ಲದ ದೇವರ ಕೋಣೆಯಲ್ಲಿ ಕೂರಿಸಿ ಫೋನು ಕೈಗೆತ್ತಿಕೊಂಡಳು. ದಾಸಯ್ಯನ ನಂಬರ್ ಇತ್ತು. ತಡೆದು ತಡೆದು ಒತ್ತಿದಳು. ಅವನೇ ಎತ್ತಿದ. ಆನೆ ಕೆಳಕ್ಕೆ ಇಳಿಯುತ್ತಿವೆ, ಹುಷಾರು ಎಂದಳು.

“ನಮ್ಮನೇಲಿ ಏನೈತೆ ಅಂತ ಬತ್ತವೆ ಅಮ್ಮಾರೆ,” ಅಂತ ದಾಸಯ್ಯ ನಕ್ಕ. “ನೀವು ಮಕ್ಕಳ ಕಟ್ಕಂಡು ಒಳಗಿರಿ. ಕುಮಾರಪ್ಪ ಬೇರೆ ಇಲ್ಲ.”

ಅವನ ಮನೆಯ ಹತ್ತಿರ ಹಣ್ಣು ಬಿದ್ದಿದೆ ಎಂದು ಹೇಳಬೇಕಿತ್ತು. ಹೇಳಿದರೆ, ಅವನು ಎತ್ತಿ ಹಾಕಲು ಹೊರಗೆ ಬರುತ್ತಾನೆ. ಬಂದಾಗಲೇ ಆನೆಗಳು ಸಿಕ್ಕರೆ? ಹೇಳದಿರುವುದೇ ಒಳ್ಳೆಯದು ಎಂದುಕೊಂಡಳು. ಹೇಳಿದರೆ ನಾಳೆ ಊರಿಗೆಲ್ಲ ಗೊತ್ತಾಗುತ್ತದೆ ಎಂಬ ಇನ್ನೊಂದು ಯೋಚನೆಯೂ ಅದರ ಜೊತೆಗೇ ಇತ್ತು. ಎರಡರಲ್ಲಿ ಯಾವುದು ಮೊದಲು ಬಂತು ಎಂದು ಅವಳು ನೋಡಹೋಗಲಿಲ್ಲ. ಹೆಂಡತಿಯನ್ನು ಕರೆದುಕೊಂಡು ಮುಂದಿನ ಕೋಣೆಯಲ್ಲೇ ಇರು, ಅಡುಗೆ ಕೋಣೆಗೆ ಹೋಗಬೇಡಿ ಎಂದಷ್ಟೇ ಹೇಳಿ ಫೋನಿಟ್ಟಳು.

ಆನೆಗಳು ಬಂದವು. ಹಿತ್ತಿಲ ಬೇಲಿಯ ಕಲ್ಲುಕಂಬ ಬಿದ್ದದ್ದು ಕೇಳಿಸಿತು. ಆಮೇಲೆ ಗೋಡೆಯ ಪಕ್ಕದಲ್ಲೇ ಉಸಿರು. ಅಷ್ಟು ದೊಡ್ಡ ಪ್ರಾಣಿ ನಡೆಯುವಾಗ ನೆಲದ ಸದ್ದಿರುವುದಿಲ್ಲ. ಹೊಟ್ಟೆಯೊಳಗಿನ ಗುಡುಗುಡು ಮಾತ್ರ ಕೇಳಿಸುತ್ತದೆ. ಒಂದು ಆನೆ ಸುಲೋಚನಮ್ಮನ ಮಂಚವಿದ್ದ ಕೋಣೆಯ ಕಿಟಕಿಯ ಹತ್ತಿರ ನಿಂತಿತು. ಸೊಂಡಿಲು ಕಂಬಿಗೆ ಉಜ್ಜಿತು. ಸ್ನೇಹಾ ಅಮ್ಮನ ತೊಡೆಯಲ್ಲಿ ಮುಖ ಹುದುಗಿಸಿದ್ದಳು. ಅವಳ ಹಲ್ಲು ಕಟಕಟ ಅನ್ನುವುದು ನೇತ್ರಾವತಿಯ ತೊಡೆಗೆ ತಿಳಿಯುತ್ತಿತ್ತು. ಸುಲೋಚನಮ್ಮ ಲಿಂಗವನ್ನು ಅಂಗೈಯಲ್ಲಿ ಹಿಡಿದು ಕಣ್ಣು ಮುಚ್ಚಿದ್ದಳು. ಸಂಜಯ್ ಕತ್ತಲೆಯಲ್ಲಿ ಬಸ್ಸಿನ ಅಡಿಗೆ ಬೆರಳಾಡಿಸುತ್ತಿದ್ದ.

“ಅಮ್ಮಾ,” ಅಂದ ಪಿಸುದನಿಯಲ್ಲಿ. “ಐದೇ ಐತೆ.”

ಅವಳು ಅವನ ಬಾಯಿ ಮುಚ್ಚಿದಳು.

ಕಿಟಕಿಯ ಸದ್ದು ನಿಂತಿತು. ಆ ಉಸಿರು ಅಂಗಳಕ್ಕೆ ಹೋಯಿತು, ಇಳಿಜಾರಿಗೆ ಹೋಯಿತು. ಎಲ್ಲ ಸುಮ್ಮನಾಯಿತು. ಸ್ವಲ್ಪ ಹೊತ್ತಿಗೆ ಹಳ್ಳದ ಆಚೆ ಗೋಡೆ ಕುಸಿದು ಹೆಂಚುಗಳು ಒಂದರ ಮೇಲೊಂದು ಜಾರಿ ಬಿದ್ದವು. ಹೆಂಗಸೊಬ್ಬಳು ಕೂಗಿಕೊಂಡಳು. ದಾಸಯ್ಯನ ಹೆಂಡತಿಯ ದನಿ. ಆಮೇಲೆ ಪಟಾಕಿ, ಜೀಪಿನ ಹಾರ್ನು, ವಾಚರ್‌ಗಳ ಕೂಗು.

ನಮ್ಮದಲ್ಲ. ನೇತ್ರಾವತಿಗೆ ಮೊದಲು ಅನ್ನಿಸಿದ್ದು ಅದು. ಅವಳ ಮೈ ಸಡಿಲವಾಯಿತು, ಮಗನ ಬಾಯಿಯ ಮೇಲಿದ್ದ ಕೈಯೂ ಸಡಿಲವಾಯಿತು.

ಯಾರಿಗೂ ಏನೂ ಆಗಿಲ್ಲ ಎಂದು ಅರುಣ್‌ನ ಸಂದೇಶ ಬಂದ ಮೇಲೆ ಮಕ್ಕಳು ನಿದ್ದೆಹೋದರು. ನೇತ್ರಾವತಿಗೆ ಬರಲಿಲ್ಲ.

ಬೆಳಗಾಗುತ್ತಲೂ ಸಂಜಯ್ ಮಂಚದ ಕೆಳಗೆ ತೂರಿಕೊಂಡಿದ್ದ. ಫಿನಾಯಿಲ್ ಮೈಗೆ ಮೆತ್ತಿಕೊಂಡು ಎದ್ದು ಬಂದ. ಒಂದು ಚಕ್ರ ಕಳೆದುಹೋಗಿದೆಯಂತೆ. ಆಲೂರು ಬಸ್ಸಿಗೆ ಹಿಂದೆ ನಾಲ್ಕು, ಮುಂದೆ ಎರಡು. ಆರೂ ಒಂದೇ ಕೇಸರಿ ಬಣ್ಣದ ಮುಚ್ಚಳ. ಎಲ್ಲ ಒಂದೇ ಥರದ್ದು ಸಿಗುವುದಿಲ್ಲ. ರಜೆ ಪೂರ್ತಿ ರಸ್ತೆಬದಿಯಲ್ಲಿ ಹೆಕ್ಕಿದ್ದ. ನೇತ್ರಾವತಿ ಅವನ ಭುಜ ಹಿಡಿದು ಕೂರಿಸಿಕೊಂಡಳು. ಹಲಸಿನ ಹಣ್ಣಿನ ಮಾತನ್ನು ಯಾರ ಹತ್ತಿರವೂ ಆಡಬಾರದು ಎಂದಳು. ಯಾರು ಕೇಳಿದರೂ, ಅಪ್ಪ ಕೇಳಿದರೂ. ಅವನು ತಲೆಯಾಡಿಸಿದ. ಸ್ನೇಹಾಗೂ ಅದನ್ನೇ ಹೇಳಿದಳು. ಸ್ನೇಹಾ ಅಮ್ಮನ ಮುಖ ನೋಡದೆ ಜಡೆ ಬಿಚ್ಚಿ ಕಟ್ಟಿಕೊಳ್ಳುತ್ತಿದ್ದಳು.

ಎದುರು ಮನೆಗೆ ಹೋಗದಿದ್ದರೆ ಜನ ಏನಾದರೂ ಅಂದುಕೊಳ್ಳುತ್ತಾರೆ. ಒಂದು ಪಾತ್ರೆ ಉಪ್ಪಿಟ್ಟು ಮಾಡಿ ತೆಗೆದುಕೊಂಡು ಹೊರಟಳು. ಮಕ್ಕಳನ್ನು ಬಿಟ್ಟುಹೋಗಲು ಭಯ, ಕರೆದುಕೊಂಡು ಹೋಗಲೂ ಭಯ. ಕಣ್ಣೆದುರಿಗೇ ಇರಲಿ ಅಂತ ಕರೆದುಕೊಂಡು ಹೋದಳು.

ದಾಸಯ್ಯನ ಅಡುಗೆ ಕೋಣೆ ಇರಲಿಲ್ಲ. ಮಣ್ಣಿನ ಗುಡ್ಡೆಯ ಮೇಲೆ ಹೆಂಚುಗಳಿದ್ದವು. ಅವನ ಹೆಂಡತಿ ಅದರೊಳಗಿಂದ ಪಾತ್ರೆಗಳನ್ನು ಎಳೆದೆಳೆದು, ನೆಗ್ಗಿದ್ದನ್ನು ಒಂದು ಕಡೆ, ನೆಗ್ಗದ್ದನ್ನು ಇನ್ನೊಂದು ಕಡೆ ಇಡುತ್ತಿದ್ದಳು. ಊರಿನವರು ಸುತ್ತ ನಿಂತಿದ್ದರು. ಅರುಣ್ ಮಣ್ಣಿನಲ್ಲಿ ಹೂತಿದ್ದ ಏನನ್ನೋ ಕೋಲಿನಿಂದ ಎಬ್ಬಿ ಮೇಲೆತ್ತಿದ. ಕಾಫಿ ಚೀಲದ ಒಂದು ಚೂರು. ಅದಕ್ಕೆ ಮೆತ್ತಿದ ಹಲಸಿನ ಹಣ್ಣಿನ ವಾಸನೆ ಅಷ್ಟು ದೂರಕ್ಕೂ ಬಂತು.

“ಇದೆಲ್ಲಿಂದ ಬಂತು ದಾಸಯ್ಯ?” ಎಂದು ಕೇಳಿದ.

ದಾಸಯ್ಯನಿಗೆ ಅರ್ಥವಾಗಲಿಲ್ಲ. ಊರಿನ ಹಿರಿಯ ವೀರಭದ್ರಯ್ಯನಿಗೆ ಅರ್ಥವಾಯಿತು. ಮರ ಬೋಳಿಸುವ ತೀರ್ಮಾನ ಮಾಡಿಸಿದವರೇ ಅವರು.

“ಊರಿನ ಕಾಯೆಲ್ಲ ಕಡಿದೋನೇ ಒಂದ ಎತ್ತಿಟ್ಕಂಡವ್ನೆ ಬಿಡು ಮಾರಾಯ,” ಅಂದರು ಅರುಣ್‌ಗೆ. “ನಾವು ಬಾಯಿ ಕಟ್ಕಂಡು ಕುಂತಿದ್ದೀವಿ, ಇವ್ನು ಮನೇಲಿ ಹಣ್ಣು ಹಾಕ್ಕಂಡು ತಿಂತಾವ್ನೆ.”

ಯಾರೋ ನಕ್ಕರು. ದಾಸಯ್ಯ ತನ್ನ ಎರಡೂ ಕೈಯನ್ನು ಮುಂದೆ ಚಾಚಿದ. ಮರದ ತೊಗಟೆಗೆ ತರಚಿ ತರಚಿ ಕಪ್ಪಾಗಿದ್ದ ಅಂಗೈಗಳು.

“ಒಂದು ತೊಳೆ ಬಾಯಿಗಿಟ್ಟಿದ್ರೆ ಈ ಕೈ ಬಿದ್ದೋಗ್ಲಿ ಸ್ವಾಮಿ,” ಅಂದ.

ಹಾಗಾದರೆ ಚೀಲ ಹಾರಿಕೊಂಡು ಬಂತೇ ಎಂದು ವೀರಭದ್ರಯ್ಯ ಕೇಳಿದರು. ದಾಸಯ್ಯನ ಹೆಂಡತಿ ಪಾತ್ರೆ ಎಳೆಯುವುದನ್ನು ನಿಲ್ಲಿಸಿ ಗಂಡನನ್ನೇ ನೋಡತೊಡಗಿದಳು. ತನಗೆ ಗೊತ್ತಿಲ್ಲದೆ ಎಲ್ಲಾದರೂ ಇಟ್ಟಿದ್ದನೇ ಎಂಬ ಸಂಶಯ ಅವಳ ಮುಖದಲ್ಲೂ ಬಂದಿತ್ತು. ನೇತ್ರಾವತಿಯ ಕೈಯಲ್ಲಿ ಉಪ್ಪಿಟ್ಟಿನ ಪಾತ್ರೆ ಬಿಸಿಯಾಗಿ ಸುಡುತ್ತಿತ್ತು. ಕೆಳಗಿಡಬೇಕು ಎಂದು ಹೊಳೆಯಲಿಲ್ಲ. ಈಗ ಹೇಳಬೇಕು ಅಂದುಕೊಂಡಳು. ಇಷ್ಟು ಜನರ ಮುಂದೆ ಬೇಡ, ಎಲ್ಲ ಹೋದ ಮೇಲೆ ದಾಸಯ್ಯನಿಗೊಬ್ಬನಿಗೇ ಹೇಳಿದರಾಯಿತು ಅಂದುಕೊಂಡಳು. ಕುಮಾರ್ ಬರಲಿ, ಅವನ ಹತ್ತಿರ ಕೇಳಿ ಹೇಳೋಣ ಅಂದುಕೊಂಡಳು.

ಅರುಣ್ ಚೀಲದ ಚೂರನ್ನು ತಿರುವಿ ನೋಡಿದ. ಅದರ ಹಿಂಬದಿಯಲ್ಲಿ ಮೇಣದ ಮುದ್ದೆಯೊಂದಿತ್ತು. ಮೇಣದಲ್ಲಿ ಕೇಸರಿ ಬಣ್ಣದ್ದು ಏನೋ ಕಚ್ಚಿಕೊಂಡಿತ್ತು.

ನೇತ್ರಾವತಿ ನೋಡಿದಳು. ಪಕ್ಕದಲ್ಲಿದ್ದ ಮಗನ ಕೈಗೆ ಕೈ ಹಾಕಿದಳು. ಕೈ ಅಲ್ಲಿರಲಿಲ್ಲ.

“ಅದು ನಂದು,” ಅಂದ ಸಂಜಯ್. ಜನರ ಕಾಲುಗಳ ನಡುವೆ ನುಸುಳಿ ಅರುಣ್‌ನ ಮುಂದೆ ನಿಂತಿದ್ದ.

“ಏನೋ ನಿಂದು?”

“ಚಕ್ರ. ಆಲೂರು ಬಸ್ಸಿಂದು. ಹಿಂದಿನ ಚಕ್ರ.” ಅವನ ಮುಖ ಬೆಳಗಿತ್ತು. ಹಲಸಿನ ಹಣ್ಣಿನ ಮಾತನ್ನು ಆಡಬೇಡ ಎಂದಿದ್ದಳು ಅಮ್ಮ. ಅವನು ಆಡಲಿಲ್ಲ. “ಬೆಳಗ್ಗಿಂದ ಹುಡುಕ್ತಾ ಇದ್ದೆ.”

ಅರುಣ್ ಚೀಲದ ಚೂರನ್ನು ಅವನ ಕೈಗೆ ಕೊಟ್ಟ. ಕೊಟ್ಟು ತಲೆಯೆತ್ತಿ ನೇತ್ರಾವತಿಯನ್ನು ನೋಡಿದ. ವೀರಭದ್ರಯ್ಯ ನೋಡಿದರು. ಒಬ್ಬೊಬ್ಬರಾಗಿ ಎಲ್ಲರೂ ತಿರುಗಿದರು. ಸ್ನೇಹಾ ಅಮ್ಮನ ಹಿಂದಕ್ಕೆ ಸರಿದಳು.

ದಾಸಯ್ಯ ಚಾಚಿದ್ದ ಕೈಗಳನ್ನು ನಿಧಾನವಾಗಿ ಕೆಳಗಿಳಿಸಿದ.

“ರಾತ್ರಿ ಫೋನ್ ಮಾಡಿದ್ರಲ್ಲ ಅಮ್ಮಾರೆ,” ಅಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ಹಾಕುತ್ತಿರುವವನ ದನಿ. “ಅಡುಗೆ ಕೋಣೆಗೆ ಹೋಗ್ಬೇಡಿ ಅಂದ್ರಲ್ಲ.”

“ಹೂಂ,” ಅಂದಳು ನೇತ್ರಾವತಿ.

ಸಂಜಯ್ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಮುಚ್ಚಳವನ್ನು ಉಗುರಿನಿಂದ ಎಬ್ಬುತ್ತಿದ್ದ. ಅಜ್ಜಿ ಹೇಳಿದ್ದು ಸರಿಯಾಗಿತ್ತು. ಮೇಣ ಬಿಡಲಿಲ್ಲ.